ಎಡಗೈ

ಡಂಡಿಯ ಆಸ್ಪತ್ರೆ, ನೆಲದ ಕೆಳಗಿನ ಅಂತಸ್ತು.
ಪ್ಲಾಸ್ಟಿಕ್ ಡಬ್ಬಿಯೊಂದನ್ನು ಚಾಚಿದಳು ನರ್ಸ್ ಮೊರಾಗ್:
ಬಳೆ, ಓಲೆ, ಸರ, ಎಲ್ಲ ಇದರೊಳಗೆ.
ಬಳೆ ಹಾಕಿದಳು ಇವಳು. ಓಲೆ ಹಾಕಿದಳು.
ತಾಳಿಯನ್ನೂ ಹಾಕಿದಳು, ನನ್ನ ಮುಖ ನೋಡದೆ.
ಕೊರಳಿನ ಕರಡಿಗೆ ಮಾತ್ರ ಬಿಚ್ಚಿ
ಡಬ್ಬಿಯ ಮೇಲಿಂದ ದಾಟಿಸಿ ನನ್ನ ಕಡೆ ಹಿಡಿದಳು:
"ಕೆಳಗ ಇಡಬ್ಯಾಡ್ರಿ. ಎಡಗೈಯಾಗ ಇರಲಿ."

ನಲವತ್ತೇಳು ವರ್ಷದಲ್ಲಿ ಈ ಕೈಗೆ
ಏನೇನೋ ಕೊಟ್ಟಿದ್ದಾಳೆ: ಬಿಸಿ ತಟ್ಟೆ, ಕಿತ್ತ ಗುಂಡಿಯ ಕೋಟು,
ಹುಟ್ಟಿದ ಮಗಳು, ಒಡೆಯದೆಯೇ ಡಾಕ್ಟರರ ಪತ್ರ.
ಇದನ್ನು ಕೊಟ್ಟಿರಲಿಲ್ಲ.

ನನ್ನದನ್ನು ನಾನು ಎಂಬತ್ತಾರರಲ್ಲೇ ಬಿಚ್ಚಿಟ್ಟವನು.
ಬಸ್ ಡಿಪೋದ ಕೆಲಸ; ಬಗ್ಗಿದರೆ ಶಿವದಾರ
ಫ್ಯಾನ್ ಬೆಲ್ಟಿಗೆ ಸಿಕ್ಕೀತು, ಕುತ್ತಿಗೆ ಹೋದೀತು ಅಂದೆ.
ಹೂಂ ಅಂದಳು.
ಆ ಮಾರ್ಚಿನಲ್ಲಿ, ಯಾರೂ ಮಲಗದ ತೊಟ್ಟಿಲನ್ನು
ತಿರುಪು ಬೇರೆ ಹಲಗೆ ಬೇರೆ ಮಾಡಿ ಅಟ್ಟಕ್ಕೆ ಹಾಕಿದ್ದೂ ನಾನೇ.
ಅದನ್ನು ಇಬ್ಬರೂ ಅನ್ನಲಿಲ್ಲ.
ಅಂದಿನಿಂದ ದಿನಾ ಬೆಳಗ್ಗೆ ಬಾತ್‌ರೂಮಿನ ಬೇಸಿನ್ ಅಂಚಿಗೆ
ನನ್ನ ಪಾಲಿನದೊಂದು ಚಿಟಿಕೆ ವಿಭೂತಿ.
ದಿನಾ ಅದನ್ನು ಸ್ಪಂಜಿನಲ್ಲಿ ಒರೆಸಿಯೇ ನಾನು ಹಲ್ಲುಜ್ಜುವುದು.
ಜಗಳ ಅನ್ನುವುದಿದ್ದರೆ ಅದೇ ನಮ್ಮ ಜಗಳ.

ಎದೆಯ ಮೇಲೆ ಮೂರು ನೀಲಿ ಚುಕ್ಕೆ ಚುಚ್ಚಿದ್ದಾರೆ,
ಕಿರಣ ದಾರಿ ತಪ್ಪದಿರಲೆಂದು.
"ನಮ್ಮವ್ವಗ ಹಚ್ಚಿ ಹಾಕಿದಾಕಿ ಮರದ ತುಂಬ ಜ್ವಾಳ ಇಸಗೊಂಡಿದ್ಳು,
ಈಕಿ ಪುಕ್ಕಟೆ ಹಾಕಿದ್ಳು ನೋಡ್ರಿ,"
ನಕ್ಕಳು ನೀಲಗಂಗವ್ವ, ಗುಂಡಿಗಳನ್ನು ತಪ್ಪು ತಪ್ಪು ಹಾಕಿಕೊಂಡು.

ಹನ್ನೆರಡು ನಿಮಿಷ. ಬಾಗಿಲ ಮೇಲೆ ಕೆಂಪು ದೀಪ.
ಒಳಗೆ ಅವಳೊಬ್ಬಳೇ; ನರ್ಸೂ ಹೊರಗೋಡಿ ಬರುತ್ತಾಳೆ.
ಇಂಥದೊಂದು ಕೋಣೆ ಇದೆಯೆಂದು
ಮದುವೆ ಮಾಡಿಸಿದ ಅಯ್ಯನವರು ಹೇಳಿರಲಿಲ್ಲ.
ಅಂಗೈ ಬೆವರುತ್ತದೆ. ಗ್ರೀಸು ತಿಂದ ಅಂಗೈ,
ಎಷ್ಟು ತೊಳೆದರೂ ಗೆರೆಗೆರೆಯಲ್ಲಿ ಕಪ್ಪು.
ಒಮ್ಮೆ ಮುಚ್ಚಳ ತೆಗೆದು ನೋಡಿದೆ:
ಕಂತಿಯ ಕಪ್ಪು, ಅದರ ಪಕ್ಕ ನನ್ನ ಬೆರಳಿನದು.
ಮಂತ್ರ ನೆನಪಿದೆ. ಹೇಳುವುದಿಲ್ಲ, ಸುಳ್ಳಾಗುತ್ತದೆ.
ಚಳಿಗಾಲದಲ್ಲಿ ಎಂಜಿನ್ ಬಿಸಿಯಾಗಲೆಂದು ಎಣಿಸುತ್ತಿದ್ದೆನಲ್ಲ,
ಹಾಗೆ ಎಣಿಸುತ್ತೇನೆ.

ಒಂಬತ್ತನೇ ದಿನ, ಪಕ್ಕದ ಕುರ್ಚಿಯ ಮುದುಕ,
ಆರ್ಬ್ರೋತಿನಲ್ಲಿ ಮೀನು ಹೊಗೆಗೆ ಕಟ್ಟುತ್ತಿದ್ದವನು,
ಕೈಯಲ್ಲೇನದು ಎಂದ.
ನನ್ನ ಹೆಂಡತಿಯದು, ಎಂದೆ. ಅಷ್ಟೇ ಬಂತು ಬಾಯಿಗೆ.
ಅವನು ತಲೆಯಾಡಿಸಿ, ಕೋಟಿನ ಒಳಜೇಬಿನಿಂದ ಕರವಸ್ತ್ರ ತೆಗೆದು
ಮಡಿಕೆ ಮಡಿಕೆ ಬಿಡಿಸಿ ತೋರಿಸಿದ:
ಅವನ ಹೆಂಡತಿಯ ಹಲ್ಲಿನ ಸೆಟ್ಟು.
ಒಳಗೆ ಮುಖಕ್ಕೆ ಜಾಲರಿ ಬಿಗಿಯುತ್ತಾರಂತೆ, ಇದು ಇರಕೂಡದಂತೆ.
ಇಬ್ಬರೂ ಕೈ ಮುಚ್ಚಿಕೊಂಡು ಕೆಂಪು ದೀಪ ನೋಡುತ್ತ ಕೂತೆವು.

ಈಗ ಚರ್ಮ ಬದನೆಕಾಯಿ ಬಣ್ಣ.
ದಾರ ತಾಗಿದರೆ ಉರಿ, ತೋಳಿಗೇ ಕಟ್ಟಬೇಕು.
ಕಾರಿಡಾರಿನಲ್ಲಿ ನಿಂತು ಕಟ್ಟುತ್ತೇನೆ, ನನಗೆ ಬರುವುದು
ಸಾಮಾನು ಬಿಗಿಯುವ ಗಂಟೊಂದೇ.
"ಭಾಳ ಬಿಗೀಬ್ಯಾಡ್ರಿ." ಸಡಿಲಿಸುತ್ತೇನೆ.
"ಅಷ್ಟು ಸಡ್ಲನೂ ಬ್ಯಾಡ."

ಇವತ್ತು ಬೆಳಗ್ಗೆ ಏಳಲಾಗಲಿಲ್ಲ ಅವಳಿಗೆ.
ಬೇಸಿನ್ ಅಂಚು ಬರಿದು.
ಸ್ಪಂಜು ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ.
ಆಮೇಲೆ ವಿಭೂತಿ ಗಟ್ಟಿ ಹುಡುಕಿ, ಕೆರೆದು,
ಒಂದು ಚಿಟಿಕೆ ಅಲ್ಲಿಟ್ಟೆ.
ಹಚ್ಚಿಕೊಳ್ಳಲಿಲ್ಲ. ಒರೆಸಲೂ ಇಲ್ಲ.

ಸಂಜೆ ಬಸ್‌ಸ್ಟಾಪಿನಲ್ಲಿ, ಟೇ ನದಿಯ ಕಡೆಯಿಂದ ಮಂಜು.
ಬಸ್ಸು ಕಾಣುವ ಮೊದಲೇ ಅದರ ಸದ್ದು:
ಗೇರ್‌ಬಾಕ್ಸು ನರಳುತ್ತಿದೆ, ಇದು ಬಹಳ ದಿನ ಬಾಳುವುದಿಲ್ಲ
ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ.
"ಬರಾಕತ್ತೈತಲ್ಲ," ಎಂದಳು,
ನನ್ನ ಎಡಗೈ ಹಿಡಿದು
ಫುಟ್‌ಪಾತಿನ ಅಂಚಿಗೆ ಬಂದು ನಿಂತು.